ಠಾಣೆಯ ಮುಮ್ಮುರಿಯೂ ಬದಲಾಪುರದ ಕನ್ನಡಿಗರೂ

ಪರಸ್ಥಳಕ್ಕೆ ಬಂದು ನೆಲಸಿದವನು ಆ ಸ್ಥಳವನ್ನು ಎಷ್ಟರ ಮಟ್ಟಿಗೆ ತಿಳಿದಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಸಮಾಜವು ಇದುವರೆಗೆ ತನಗೆ ತಾನೇ ಗಂಭೀರವಾಗಿ ಕೇಳಿಕೊಂಡಂತೆ ತೋರುವುದಿಲ್ಲ. ಬಾಡಿಗೆ ಎಷ್ಟು, ನೀರು ಎಷ್ಟು ಹೊತ್ತು ಬರುತ್ತದೆ, ಬೆಳಗಿನ ವೇಗದ ಗಾಡಿ ಎಷ್ಟು ಗಂಟೆಗೆ, ಯಾವ ಡಬ್ಬಿಯಲ್ಲಿ ನಿಂತರೆ ದಾದರಿನಲ್ಲಿ ಸೇತುವೆಯ ಎದುರಿಗೇ ಇಳಿಯಬಹುದು - ಇಷ್ಟನ್ನು ತಿಳಿದವನು ಊರನ್ನು ತಿಳಿದವನೆಂಬ ಮನ್ನಣೆಗೆ ಪಾತ್ರನಾಗುತ್ತಾನೆ. ಡೊಂಬಿವಲಿ, ಕಲ್ಯಾಣ, ಅಂಬರನಾಥ, ಬದಲಾಪುರಗಳಲ್ಲಿ ಮೂರು ತಲೆಮಾರು ಕಳೆದ ಕನ್ನಡ ಕುಟುಂಬಗಳಿವೆ. ಆ ಮನೆಗಳ ಮಕ್ಕಳಿಗೆ ಹಂಪೆಯ ಹೆಸರು ಗೊತ್ತು, ಬಾದಾಮಿಯ ಹೆಸರು ಗೊತ್ತು; ದಿನವೂ ರೈಲಿನ ಕಿಟಕಿಯಿಂದ ಹಿಂದೆ ಸರಿಯುವ ಅಂಬರನಾಥದ ದೇವಾಲಯವನ್ನು ಯಾರು ಕಟ್ಟಿಸಿದರೆಂಬುದು ಗೊತ್ತಿಲ್ಲ. ಮಕ್ಕಳನ್ನು ದೂರುವುದು ನ್ಯಾಯವಲ್ಲ. ಹೇಳಬೇಕಾದ ಹಿರಿಯರಿಗೂ ಅದು ತಿಳಿಯದು.

ಬದಲಾಪುರವೆಂದರೆ ಅಗ್ಗದ ಸೂರು ಸಿಕ್ಕುವ ಕಡೆಯ ನಿಲ್ದಾಣಗಳಲ್ಲಿ ಒಂದು ಎಂಬ ಭಾವನೆಯಷ್ಟೇ ಬಹುಜನರಲ್ಲಿದೆ. ಸವಾರರು ದಣಿದ ಕುದುರೆಗಳನ್ನು ಇಲ್ಲಿ ಬಿಟ್ಟು ಹೊಸ ಕುದುರೆಗಳನ್ನೇರಿ ಮುಂದೆ ಸಾಗುತ್ತಿದ್ದುದರಿಂದ ಊರಿಗೆ ಆ ಹೆಸರು ಬಂದಿತೆಂದು ಸ್ಥಳೀಯರು ಹೇಳುವ ಕಥೆಯುಂಟು. ಅದು ಕಥೆಯೇ ಇರಬಹುದು. ಆದರೂ ದಾರಿಯ ಊರು ಎಂಬ ಮಾತಂತೂ ದಿಟ. ಘಟ್ಟದ ಮೇಲಿನ ನಾಡಿಗೂ ಕಲ್ಯಾಣದ ಬಂದರಕ್ಕೂ ನಡುವೆ ಉಲ್ಹಾಸ ನದಿಯ ಕಣಿವೆಯಲ್ಲಿ ಎರಡು ಸಾವಿರ ವರ್ಷ ಜನರೂ ಸರಕೂ ಓಡಾಡಿದ್ದಾರೆ. 1854ರಲ್ಲಿ ಕಲ್ಯಾಣದ ವರೆಗೆ ಬಂದ ರೈಲು 1856ರಲ್ಲಿ ಬೋರಘಾಟಿನ ಬುಡದ ಖೋಪೋಲಿಯನ್ನು ಮುಟ್ಟಿದ್ದೂ ಈ ಕಣಿವೆಯನ್ನು ಹಿಡಿದೇ. ಇಂಥ ನದಿಯನ್ನು ನಮ್ಮವರಲ್ಲಿ ಹಲವರು ಮೊದಲ ಬಾರಿಗೆ ಲಕ್ಷ್ಯವಿಟ್ಟು ನೋಡಿದ್ದು 2019ರ ಜುಲೈ 27ರಂದು, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ನೆರೆಯಲ್ಲಿ ನಿಂತು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಿಕೊಳ್ಳಬೇಕಾಗಿ ಬಂದಾಗ ಎಂದರೆ ಅತಿಶಯೋಕ್ತಿಯಾಗಲಾರದು.

ಈ ವಿಚಾರವನ್ನು ಎತ್ತಿಕೊಳ್ಳಲು ನಮಗೆ ಪ್ರೇರಣೆ ದೊರೆತದ್ದು ಬಲು ದೂರದ ಒಂದು ದೇಶದಿಂದ. ಯೂರೋಪಿನ ನಡುವೆ ಸ್ಲೊವಾಕಿಯವೆಂಬ ಸಣ್ಣ ದೇಶವಿದೆ. ಸುಮಾರು ಸಾವಿರ ವರ್ಷ ಹಂಗೇರಿಯ ಅರಸೊತ್ತಿಗೆಯ ಅಂಗವಾಗಿದ್ದ, ತನ್ನ ನುಡಿಗೆ ನೆಲೆಯಾದ ಬರವಣಿಗೆಯ ರೂಪವನ್ನು 1843ರಲ್ಲಿ ಲ್ಯುದೊವಿತ್ ಶ್ತೂರ್ ಮತ್ತು ಆತನ ಗೆಳೆಯರ ಕೈಯಿಂದ ಪಡೆದ, ಹೊಟ್ಟೆಪಾಡಿಗೆ ಅಮೆರಿಕದ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಗುಳೆ ಹೋದ ಮಕ್ಕಳಿಂದಲೇ ಸ್ವಾತಂತ್ರ್ಯದ ಕಾರ್ಯಕ್ಕೆ ಬಹಳ ಬಲವನ್ನು ಪಡೆದ ನಾಡು ಅದು. 1918ರಲ್ಲಿ ಚೆಕ್ ಮತ್ತು ಸ್ಲೊವಾಕ್ ಜನರು ಒಂದು ರಾಜ್ಯವಾಗಿ ಕೂಡುವ ಒಪ್ಪಂದಕ್ಕೆ ಅವರ ವಲಸಿಗರು ಸಹಿ ಹಾಕಿದ್ದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ವಲಸೆಗಾರರ ಪತ್ರಿಕೆಯನ್ನು ಓದುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದೇಶದ ಟ್ರೆಂಚೀನ್ ಎಂಬ ಊರಿನಲ್ಲಿ ಕೋಟೆಯ ಕೆಳಗಿನ ಬಂಡೆಯ ಮೇಲೆ ಒಂದು ಶಾಸನವಿದೆ. ಅದು ಸ್ಲೊವಾಕ್ ಭಾಷೆಯದಲ್ಲ. ಲ್ಯಾಟಿನ್ ಭಾಷೆಯದು. ಕ್ರಿ. ಶ. 179ರಲ್ಲಿ, ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕಾಲದ ಯುದ್ಧಗಳಲ್ಲಿ, ಲೌಗರಿಕಿಯೊ ಎಂದು ಆಗ ಹೆಸರಿದ್ದ ಅಲ್ಲಿ ಚಳಿಗಾಲವನ್ನು ಕಳೆದ 855 ರೋಮನ್ ಯೋಧರು ತಮ್ಮ ಚಕ್ರವರ್ತಿಗಳ ವಿಜಯಕ್ಕೆಂದು ಅದನ್ನು ಕೊರೆಯಿಸಿದರು. ಇದಕ್ಕಿಂತ ಕುತೂಹಲದ ಸಂಗತಿಯೆಂದರೆ, ಆ ಪಡೆಯ ನಾಯಕ ಮಾರ್ಕಸ್ ವಲೇರಿಯಸ್ ಮಾಕ್ಸಿಮಿಯಾನಸನ ಜೀವನವೃತ್ತಾಂತವನ್ನು ಕೆತ್ತಿದ ಇನ್ನೊಂದು ಶಿಲೆ ಆಫ್ರಿಕದ ಅಲ್ಜೀರಿಯದಲ್ಲಿ ಸಿಕ್ಕಿತು. ಅದರಲ್ಲಿಯೂ ಲೌಗರಿಕಿಯೊದ ಹೆಸರಿದೆ. ಒಂದು ಕಲ್ಲು ಕಡಲಾಚೆಯ ಇನ್ನೊಂದು ಕಲ್ಲಿಗೆ ಸಾಕ್ಷಿ ನುಡಿಯಿತು. ಇಂದು ಆ ಬಂಡೆಗೆ ತಾಗಿದಂತೆ ಒಂದು ಹೋಟೆಲಿದ್ದು, ಶಾಸನವನ್ನು ಹೋಟೆಲಿನ ಒಳಗಿನಿಂದಲೇ ನೋಡಬೇಕು. ಹೋಟೆಲಿನ ಗಲ್ಲೆಯ ಹಿಂದೆ ಆಯುಷ್ಯವನ್ನು ಸವೆಸಿದ ನಮ್ಮ ಹಿರಿಯರು ಇದನ್ನು ಕೇಳಿ ಮುಗುಳುನಕ್ಕರೆ ಆಶ್ಚರ್ಯವಿಲ್ಲ. ಟ್ರೆಂಚೀನಿನ ಜನ ಆ ಶಾಸನ ಪರರದೆಂದು ಕೆತ್ತಿ ಹಾಕಲಿಲ್ಲ. ಅದನ್ನು ತೋರಿಸಿ ಊರು ತಮ್ಮದೆಂದು ಇಟಲಿಯವರೂ ಬರಲಿಲ್ಲ. ಕಲ್ಲು ಊರಿನ ಆಸ್ತಿಯಾಗಿ ಉಳಿಯಿತು.

ಇಂಥದೇ ಒಂದು ಜೋಡಿ ಸಾಕ್ಷ್ಯ ನಮ್ಮ ಕೈಯಳತೆಯಲ್ಲಿಯೇ ಇದೆ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಧಾರವಾಡಕ್ಕೆ ಸಮೀಪದಲ್ಲಿಯೇ, ನರೇಂದ್ರವೆಂಬ ಹಳ್ಳಿಯುಂಟು. ಹಿಂದೆ ಅದರ ಹೆಸರು ಕುಂದೂರು. ಅಲ್ಲಿ ಗೋವೆಯ ಕದಂಬರ ಕಾಲದ ಒಂದು ದೀರ್ಘವಾದ ಕನ್ನಡ ಶಾಸನವಿದೆ. ಅದರ ಕಾಲ ಚಾಲುಕ್ಯ ವಿಕ್ರಮ ಶಕದ 50ನೆಯ ವರ್ಷ, ಅಂದರೆ ಕ್ರಿ. ಶ. 1125. ಅದನ್ನು ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕದಂಬ ಕುಲದ ಹಿರಿಯರನ್ನು ಹೊಗಳುತ್ತ ಕವಿಯು ಚಟ್ಟಯ್ಯದೇವನ ವೃತ್ತಾಂತಕ್ಕೆ ಬರುತ್ತಾನೆ. ಚಟ್ಟಯ್ಯ ಕಡಲಿನ ಅರಸ. ಕವಡಿದ್ವೀಪವೇ ಮೊದಲಾದ ನಾಡುಗಳನ್ನು ಹಿಡಿದನೆಂದೂ ಹಡಗುಗಳನ್ನು ಸಾಲುಗಟ್ಟಿಸಿ ಲಂಕೆಯ ವರೆಗೆ ಸೇತುವೆ ಕಟ್ಟಿದಂತೆ ಮಾಡಿ ಕಪ್ಪವನ್ನು ಕೇಳಿದನೆಂದೂ ಶಾಸನದ ವರ್ಣನೆ. ಕವಡಿದ್ವೀಪವೆಂದರೆ ಉತ್ತರ ಕೊಂಕಣ. ಶಿಲಾಹಾರರ ಮೂಲಪುರುಷ ಕಪರ್ದಿಯ ಹೆಸರಿನಿಂದ ಬಂದ ಕಪರ್ದಿಕದ್ವೀಪವನ್ನು ಕನ್ನಡ ನಾಲಗೆ ಹಾಗೆ ಉಚ್ಚರಿಸಿತು. ಈ ಚಟ್ಟಯ್ಯನ ಪರಾಕ್ರಮದ ಸುದ್ದಿ ಠಾಣೆಯ ಮುಮ್ಮುರಿಯ ಕಿವಿಗೆ ಬಿತ್ತು. ಮುಮ್ಮುರಿಯು ತಾನೇ ಎದುರುಗೊಂಡು ಅರಮನೆಗೆ ಕರೆದೊಯ್ದು ಪ್ರೀತಿಯಿಂದ ಕಂಡು, ಮಗಳನ್ನು ಸಂಭ್ರಮದಿಂದ ಧಾರೆಯೆರೆದು, ಅಳಿಯನಿಗೆ ಐದು ಲಕ್ಷ ಹೊನ್ನನ್ನು ಕೊಟ್ಟನೆಂದು ಆ ಕನ್ನಡ ಶಾಸನ ಸಾರುತ್ತದೆ.

ಐದು ಲಕ್ಷದ ಲೆಕ್ಕವನ್ನು ನಾವು ಅಕ್ಷರಶಃ ನಂಬಬೇಕಾಗಿಲ್ಲ. ಶಾಸನಕವಿಗಳಿಗೆ ಸಂಖ್ಯೆಗಳ ವಿಷಯದಲ್ಲಿ ಕೈ ಬಿಗಿಯಿರಲಿಲ್ಲ. ಹೆದರಿ ಮಾಡಿದ ಮದುವೆಯೋ ಒಲಿದು ಮಾಡಿದ ಮದುವೆಯೋ ಎಂಬುದೂ ಗಂಡಿನ ಕಡೆಯವರ ಕವಿಯ ಬಾಯಿಂದ ತಿಳಿಯುವಂಥದಲ್ಲ. ಆದರೆ ಧಾರವಾಡದ ಬಯಲಿನ ಒಂದು ಹಳ್ಳಿಯಲ್ಲಿ, ಒಂಬೈನೂರು ವರ್ಷಗಳ ಹಿಂದೆ, ಕನ್ನಡ ಅಕ್ಷರಗಳಲ್ಲಿ, ಠಾಣೆಯೆಂಬ ಊರಿನ ಹೆಸರು ಕೆತ್ತಲ್ಪಟ್ಟಿದೆಯೆಂಬುದು ಸಾಮಾನ್ಯ ಸಂಗತಿಯಲ್ಲ. ಠಾಣೆಗೆ ಹೆಣ್ಣು ಕೊಟ್ಟವರೂ ಠಾಣೆಯಿಂದ ಹೆಣ್ಣು ತಂದವರೂ ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಈ ಸಂಬಂಧ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಈ ಮುಮ್ಮುರಿ ಯಾರು? ಬದಲಾಪುರದಿಂದ ಒಂದೇ ನಿಲ್ದಾಣ ಮುಂಬಯಿಯ ಕಡೆಗೆ ಹೋದರೆ ಉತ್ತರ ದೊರೆಯುತ್ತದೆ. ಅಂಬರನಾಥದ ಶಿವಾಲಯದ ಉತ್ತರದ್ವಾರದ ತೊಲೆಯಲ್ಲಿ ಶಕ 982ರ, ಅಂದರೆ ಕ್ರಿ. ಶ. 1060ರ, ಸಂಸ್ಕೃತ ಶಾಸನವಿದೆ. ಮೊದಲು ಓದಿದವರು ಅಂಕೆಯನ್ನು 782 ಎಂದು ಓದಿದ್ದರಿಂದ ಬಹುಕಾಲ ಈ ಗುಡಿಗೆ ಇನ್ನೂರು ವರ್ಷ ಹೆಚ್ಚಿನ ವಯಸ್ಸನ್ನು ಕಟ್ಟಲಾಗಿತ್ತು. ಅದರಲ್ಲಿ ಹೇಳಿದ ಮಹಾಮಂಡಲೇಶ್ವರ ಮಾಮ್ವಾಣಿರಾಜನೇ ಶಿಲಾಹಾರರ ಮುಮ್ಮುಣಿ, ನರೇಂದ್ರದ ಶಾಸನದ ಮುಮ್ಮುರಿ. ಅವನ ಅಣ್ಣ ಛಿತ್ತರಾಜನ ಹೆಸರೂ ಅಲ್ಲಿದೆ. ಅಣ್ಣನ ಕಾಲದಲ್ಲಿ ಆರಂಭವಾದ ಕಾರ್ಯವು ತಮ್ಮನ ಕಾಲದಲ್ಲಿ ಪೂರ್ಣವಾಯಿತೆಂದು ವಿದ್ವಾಂಸರು ತಿಳಿಯುತ್ತಾರೆ. ಭೂಮಿಜವೆಂಬ ಶೈಲಿಯ, ಪಶ್ಚಿಮಾಭಿಮುಖವಾದ ಆ ಗುಡಿಯ ಗರ್ಭಗೃಹವು ನೆಲದ ಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಹೋಗಿ ಲಿಂಗದರ್ಶನ ಮಾಡಿ ತಲೆಯೆತ್ತಿದರೆ ಮೇಲೆ ಶಿಖರದ ಬದಲು ಆಕಾಶ ಕಾಣುತ್ತದೆ. ಹೊರಗೋಡೆಯ ಶಿಲ್ಪಗಳ ಎದುರು ಅರ್ಧ ದಿನ ನಿಂತರೂ ಕಣ್ಣು ತಣಿಯದು. ಪಕ್ಕದಲ್ಲಿ ಹರಿಯುವ ವಾಲಧುನಿಯ ನೀರು ಕಾರ್ಖಾನೆಗಳ ಹೊಲಸನ್ನು ಹೊತ್ತು ನಾರುತ್ತಿರುವುದನ್ನು ನೋಡಿದಾಗಲಾದರೋ ಅಲ್ಲಿ ಅರ್ಧ ಗಳಿಗೆಯೂ ನಿಲ್ಲುವುದು ಕಷ್ಟ.

ಛಿತ್ತರಾಜನ ಕಾಲದ ಇನ್ನೊಂದು ಆಧಾರವು ಇಷ್ಟೇ ಮಹತ್ವದ್ದು. ಇಂದು ಲೋಕಲ್ ಗಾಡಿಯ ಒಂದು ನಿಲ್ದಾಣವಾಗಿರುವ ಭಾಂಡುಪಿನಲ್ಲಿ ದೊರೆತ, ಶಕ 948ರ, ಅಂದರೆ ಕ್ರಿ. ಶ. 1026ರ, ತಾಮ್ರಪಟದಲ್ಲಿ ಅವನ ಮಂತ್ರಿಮಂಡಲದ ಹೆಸರುಗಳನ್ನು ಕೊಟ್ಟಿದೆ. ಮುಖ್ಯಮಂತ್ರಿ ನಾಗಣೈಯ. ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಶಾಂತಿಗಳ ಮಂತ್ರಿ, ಸೀಹಪೈಯ. ಇಷ್ಟಕ್ಕೆ ನಿಲ್ಲದೆ ಕರ್ಣಾಟಕದ ವ್ಯವಹಾರಕ್ಕೆಂದೇ ಬೇರೊಬ್ಬ ಸಂಧಿವಿಗ್ರಹಿ. ಅವನ ಹೆಸರು ಕಪರ್ದಿ. ಒಂದು ಸಾವಿರ ವರ್ಷಗಳ ಕೆಳಗೆ ಠಾಣೆಯ ದರಬಾರಿನಲ್ಲಿ ಕರ್ಣಾಟಕದ ವಿಭಾಗವೊಂದು ಪ್ರತ್ಯೇಕವಾಗಿ ನಡೆಯುತ್ತಿತ್ತು! ನಾಗಣೈಯ, ಸೀಹಪೈಯ ಎಂಬ ಹೆಸರುಗಳ ಕೊನೆಗೆ ಅಂಟಿದ ‘ಅಯ್ಯ’ನನ್ನೂ, ಆ ವಂಶದ ಅರಸುಗಳಲ್ಲಿ ವಪ್ಪುವಣ್ಣ, ಗೊಗ್ಗಿ, ವಜ್ಜಡ ಮೊದಲಾದ ಹೆಸರುಗಳನ್ನೂ ಕಂಡಾಗ ಆ ಮನೆತನದ ಬೇರು ಯಾವ ಮಣ್ಣಿನಲ್ಲಿತ್ತೆಂದು ಊಹಿಸುವುದು ಕಠಿಣವಲ್ಲ. ಶಾಸನಗಳನ್ನು ಮಾತ್ರ ಅವರು ಸಂಸ್ಕೃತದಲ್ಲಿ ಬರೆಯಿಸಿದರು. ಕಾಲ ಸಂದಂತೆ ಅವುಗಳಲ್ಲಿ ಮರಾಠಿಯೂ ಕಾಣಿಸಿಕೊಂಡಿತು. ಆಳುವ ಸ್ಥಳದ ಜನರ ನುಡಿಯತ್ತ ಆಳುವವರು ಬಾಗಿದರು. ಇದರಲ್ಲಿ ನಾವು ಖೇದಪಡುವಂಥದು ಏನೂ ಇಲ್ಲ.

ಈ ಅರಸರಿಗೆ ಕೊಂಕಣದ ಆಡಳಿತವನ್ನು ಒಪ್ಪಿಸಿದವರು ಮಾನ್ಯಖೇಟದ ರಾಷ್ಟ್ರಕೂಟರು. ಬೋರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಿಗೆ ನಮ್ಮ ಯುವಕರು ರವಿವಾರ ವಿಹಾರಕ್ಕೆ ಹೋಗುವುದುಂಟು. ಅಲ್ಲಿಯ ಮೂರು ಶಾಸನಗಳು ಕ್ರಿ. ಶ. 843ರಿಂದ 877ರ ವರೆಗಿನವು. ಮೂರರಲ್ಲಿಯೂ ಸಾರ್ವಭೌಮನೆಂದು ಹೆಸರಿಸಿದವನು ಅಮೋಘವರ್ಷ. ಕೊಂಕಣದ ಒಡೆಯರೆಂದು ಹೆಸರಿಸಿದವರು ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿ. ಅಮೋಘವರ್ಷನೆಂದರೆ, ನಮಗೆ ದೊರೆತಿರುವ ಮೊತ್ತಮೊದಲಿನ ಕನ್ನಡ ಗ್ರಂಥ ‘ಕವಿರಾಜಮಾರ್ಗ’ವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನೇ. ಅತ್ತ ಮಳಖೇಡದಲ್ಲಿ ಶ್ರೀವಿಜಯನು ಕನ್ನಡ ಕಾವ್ಯದ ಲಕ್ಷಣಗಳನ್ನು ವಿವರಿಸುತ್ತಿದ್ದ ಕಾಲದಲ್ಲಿ ಇತ್ತ ಕಾನ್ಹೇರಿಯ ಬೌದ್ಧ ಭಿಕ್ಷುಗಳಿಗೆ ವಸ್ತ್ರಕ್ಕೂ ವಿಹಾರದ ಜೀರ್ಣೋದ್ಧಾರಕ್ಕೂ ಪುಸ್ತಕಗಳಿಗೂ ದ್ರಮ್ಮಗಳನ್ನು ದತ್ತಿಯಾಗಿ ಇಡಲಾಯಿತು. ದಾನಿಗಳಲ್ಲಿ ಒಬ್ಬನು ಗೌಡದೇಶದಿಂದ, ಅಂದರೆ ಬಂಗಾಲದಿಂದ, ಬಂದವನು. ಬಂಗಾಲಿಯ ಹಣ, ಕೊಂಕಣದ ಗುಹೆ, ಕನ್ನಡ ನಾಡಿನ ಚಕ್ರವರ್ತಿಯ ಹೆಸರು. ಜೈನಧರ್ಮದಲ್ಲಿ ಒಲವುಳ್ಳ ದೊರೆಯ ರಾಜ್ಯದಲ್ಲಿ ಬೌದ್ಧರ ಪುಸ್ತಕ ಭಂಡಾರಕ್ಕೆ ದತ್ತಿ ನಡೆಯಿತೆಂಬುದನ್ನೂ ಮರೆಯಬಾರದು.

ಇನ್ನು ಕಲ್ಯಾಣದ ಮಾತು. ‘ಕಲ್ಯಾಣ’ವೆಂದೊಡನೆ ಬೀದರ ಜಿಲ್ಲೆಯಿಂದ ಬಂದವರಿಗೆ ಬಸವಣ್ಣನವರ ಕಲ್ಯಾಣ ನೆನಪಾಗುತ್ತದೆ, ಡೊಂಬಿವಲಿಯಲ್ಲಿ ಹುಟ್ಟಿದ ಅವರ ಮೊಮ್ಮಕ್ಕಳಿಗೆ ಗಾಡಿ ಬದಲಿಸುವ ಜಂಕ್ಷನ್ ನೆನಪಾಗುತ್ತದೆ. ಎರಡನ್ನೂ ಒಂದೇ ಎಂದು ತಿಳಿದವರನ್ನೂ ನಾವು ಕಂಡಿದ್ದೇವೆ. ಕೊಂಕಣದ ಕಲ್ಯಾಣವು ವಯಸ್ಸಿನಲ್ಲಿ ಬಹಳ ಹಿರಿಯದು. ಶಾತವಾಹನರ ಕಾಲದ ಬಂದರವಾದ ಅದರ ಹೆಸರನ್ನು ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬ ‘ಪೆರಿಪ್ಲಸ್’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಕಾನ್ಹೇರಿಯ ಪ್ರಾಚೀನ ದಾನಿಗಳಲ್ಲಿ ಕಲ್ಯಾಣದ ವರ್ತಕರು ಹಲವರು. ಚಾಲುಕ್ಯರ ಕಲ್ಯಾಣವು ರಾಜಧಾನಿಯಾಗಿ ಮೆರೆದದ್ದು ಹನ್ನೊಂದನೆಯ ಶತಮಾನದಲ್ಲಿ, ಅಂಬರನಾಥದ ಗುಡಿ ಏಳುತ್ತಿದ್ದ ದಿನಗಳ ಆಹವಮಲ್ಲ ಸೋಮೇಶ್ವರನಿಂದ.

ಆದರೆ ಬೇರೆ ಬೇರೆಯಾದ ಈ ಎರಡು ನೆಲೆಗಳ ನಡುವೆ ಹೆಸರಿನ ಸಾಮ್ಯಕ್ಕಿಂತ ಗಹನವಾದ ಒಂದು ನಂಟಿದೆ. ಚಾಲುಕ್ಯರ ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅದಾದ ಕೆಲವೇ ದಶಕಗಳಲ್ಲಿ ಅದೇ ಸ್ಮೃತಿಗೆ ಇನ್ನೊಂದು ವಿಸ್ತಾರವಾದ ವ್ಯಾಖ್ಯಾನವು ಹುಟ್ಟಿತು. ಅದರ ಕರ್ತೃ ಠಾಣೆಯ ಶಿಲಾಹಾರ ಅರಸನಾದ ಅಪರಾದಿತ್ಯ. ಗ್ರಂಥವು ‘ಅಪರಾರ್ಕ’ವೆಂದೇ ಪ್ರಸಿದ್ಧ. ರಾಜ್ಯವಾಳುವವನೇ ಧರ್ಮಶಾಸ್ತ್ರವನ್ನು ವ್ಯಾಖ್ಯಾನಿಸಲು ಕುಳಿತದ್ದು ಅಪೂರ್ವ. ಆ ಅರಸನು ತೇಜಕಂಠನೆಂಬ ಪಂಡಿತನನ್ನು ಕಾಶ್ಮೀರದ ವಿದ್ವತ್ಸಭೆಗೆ ದೂತನಾಗಿ ಕಳಿಸಿದ ಸಂಗತಿಯನ್ನು ಅಲ್ಲಿಯ ಕವಿ ಮಂಖನು ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ಮಿತಾಕ್ಷರವು ಮುಂದೆ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಪ್ರಮಾಣಗ್ರಂಥವಾಯಿತು. ಊರಿನ ಅಡಿಕೆ ತೋಟದ ಪಾಲಿಗಾಗಿ ಕೋರ್ಟು ಹತ್ತಿದ ನಮ್ಮ ಮನೆತನಗಳೆಷ್ಟೋ ಅದರ ಹೆಸರನ್ನು ವಕೀಲರ ಬಾಯಲ್ಲಿ ಕೇಳಿವೆ. ಅಪರಾರ್ಕನ ಹೆಸರನ್ನು ಅವನ ರಾಜಧಾನಿಯಲ್ಲಿ ವಾಸಿಸುವ ನಾವೇ ಕೇಳಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾಗದು. ನಮ್ಮಲ್ಲಿ ಉತ್ಸಾಹಿಗಳ ಒಂದು ವರ್ಗವಿದೆ. ಹೀಗೊಂದು ಶಾಸನದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮರುದಿನವೇ ಸಭೆಯ ವೇದಿಕೆಯಲ್ಲಿ ‘ಠಾಣೆ ನಮ್ಮದಾಗಿತ್ತು, ಮುಂಬಯಿ ನಮ್ಮದಾಗಿತ್ತು’ ಎಂಬ ಘೋಷಣೆ ಕೇಳಿಬರುತ್ತದೆ. ಈ ರೀತಿಯನ್ನು ನಾವು ಒಪ್ಪುವುದಿಲ್ಲ. ಠಾಣೆ ಅಂದು ಠಾಣೆಯ ಜನರದಾಗಿತ್ತು, ಇಂದೂ ಅವರದೇ ಆಗಿದೆ. ಅರಸರ ಬಿರುದು ಬೇರೆ, ರೈತನ ನೆಲ ಬೇರೆ. 1956ರಲ್ಲಿ ಭಾಷಾನುಗುಣ ಪ್ರಾಂತಗಳಾದ ಮೇಲೆ ಗಡಿಯ ವಿವಾದದಿಂದ ಎರಡು ಸಹೋದರ ಜನಾಂಗಗಳು ಪಟ್ಟ ಕಷ್ಟ ಸಾಕು. ಎರಡು ರಾಜ್ಯಗಳ ಬಸ್ಸುಗಳಿಗೆ ಮಸಿ ಬಳಿದಾಗಲೆಲ್ಲ ಮೊದಲು ಅಂಜುವವನು ಗಡಿಯಿಂದ ನೂರಾರು ಮೈಲು ದೂರದಲ್ಲಿ ಅಂಗಡಿ ಇಟ್ಟುಕೊಂಡ ಬಡ ಕನ್ನಡಿಗ. ಸಾವಿರ ವರ್ಷದ ಹಿಂದಿನ ಕಲ್ಲನ್ನು ಇಂದಿನ ಜಗಳಕ್ಕೆ ಎಸೆಯುವ ಕಲ್ಲಾಗಿ ಮಾಡುವವರು ಇತಿಹಾಸಕ್ಕೂ ದ್ರೋಹಿಗಳು, ನಮ್ಮ ನೆರೆಹೊರೆಗೂ ದ್ರೋಹಿಗಳು.

ಅದೂ ಅಲ್ಲದೆ ಇತಿಹಾಸವು ಒಂದೇ ಮುಖವನ್ನು ತೋರಿಸುವುದಿಲ್ಲ. ಮುಮ್ಮುರಿಯ ಅಳಿಯನಾದ ಚಟ್ಟಯ್ಯನ ಮಗ ಜಯಕೇಶಿಯು ಇದೇ ಕಪರ್ದಿಕದ್ವೀಪದ ಅರಸನನ್ನು ಯುದ್ಧದಲ್ಲಿ ಕೊಂದನೆಂದು ಕದಂಬರ ಕಡೆಯ ಶಾಸನಗಳೇ ಹೆಮ್ಮೆಯಿಂದ ಹೇಳುತ್ತವೆ. ಆಮೇಲಿನ ಶಿಲಾಹಾರ ಅರಸ ಅನಂತದೇವನ 1095ರ ಖಾರೇಪಾಟಣದ ತಾಮ್ರಪಟವು, ಆಪತ್ಕಾಲದಲ್ಲಿ ಕೊಂಕಣವನ್ನು ಹಾಳುಗೆಡವಿದ ದುಷ್ಟರನ್ನು ತಾನು ನಿರ್ಮೂಲ ಮಾಡಿದೆನೆಂದು ಕೊಚ್ಚಿಕೊಳ್ಳುತ್ತದೆ. ಆ ದುಷ್ಟರು ಯಾರೆಂಬುದರಲ್ಲಿ ಪಂಡಿತರಿಗೆ ಚರ್ಚೆಯಿರಲಿ. ಮದುವೆಯ ಹಂದರವನ್ನು ನೆನೆಯುವವರು ರಣರಂಗವನ್ನೂ ನೆನೆಯಲೇಬೇಕು.

ಈ ಇತಿಹಾಸವನ್ನು ನಮಗೆ ಉಳಿಸಿಕೊಟ್ಟವರಾದರೂ ಯಾರು? ಶಿಲಾಹಾರರ ಶಾಸನಗಳನ್ನೆಲ್ಲ ಒಂದೆಡೆ ಕೂಡಿಸಿ 1977ರಲ್ಲಿ ಗ್ರಂಥರೂಪದಲ್ಲಿ ಹೊರತಂದವರು ನಾಗಪುರದ ಮಹಾಮಹೋಪಾಧ್ಯಾಯ ವಾಸುದೇವ ವಿಷ್ಣು ಮಿರಾಶಿಯವರು, ಮರಾಠಿ ವಿದ್ವಾಂಸರು. ಮಹಾರಾಷ್ಟ್ರದ ದೇವತೆಗಳ ಮೂಲವನ್ನು ಶೋಧಿಸುತ್ತ ಕರ್ನಾಟಕದ ಋಣವನ್ನು ನಿಸ್ಸಂಕೋಚವಾಗಿ ಬರೆದವರು ರಾ. ಚಿಂ. ಢೇರೆಯವರು. ನಮ್ಮ ಶಂಬಾ ಜೋಶಿಯವರು ಧಾರವಾಡದಲ್ಲಿ ಕುಳಿತು ಕನ್ನಡ-ಮರಾಠಿಗಳ ಬೇರುಗಳನ್ನು ಅಗೆದಾಗ ಮರಾಠಿಯಲ್ಲಿಯೂ ಬರೆದರು. ಸತ್ಯಶೋಧಕರಿಗೆ ಗಡಿಯ ತೊಡಕು ಬರಲಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು ಎಂದು ವಾಚಕರು ಕೇಳಬಹುದು. ಮೊದಲನೆಯದಾಗಿ, ನಾಶವಾಗುತ್ತಿರುವುದನ್ನು ಉಳಿಸುವ ಕಾರ್ಯ. ಗುಡಿ, ಗುಹೆಗಳಿಗೆ ಸರಕಾರದ ಪುರಾತತ್ತ್ವ ಇಲಾಖೆಯ ಕಾವಲಿದೆ. ಬಯಲಿನಲ್ಲಿ ಬಿದ್ದ ಕಲ್ಲುಗಳಿಗೆ ಯಾರ ಕಾವಲೂ ಇಲ್ಲ. ಕೊಂಕಣದ ಹಳ್ಳಿಗಳಲ್ಲಿ ಎರಡು ಬಗೆಯ ಕಲ್ಲುಗಳು ಸಿಕ್ಕುತ್ತವೆ. ಒಂದನ್ನು ಮರಾಠಿಯಲ್ಲಿ ‘ವೀರಗಳ್’ ಎನ್ನುತ್ತಾರೆ. ನಮ್ಮ ವೀರಗಲ್ಲೇ ಅದು, ವಸ್ತುವೂ ಹೆಸರೂ ಎರಡೂ. ಬೋರಿವಲಿಯ ಎಕ್ಸಾರಿನಲ್ಲಿರುವ ಆರು ವೀರಗಲ್ಲುಗಳಲ್ಲಿ ಹುಟ್ಟುಗೋಲುಗಳನ್ನು ಹಾಕುತ್ತ ಸಾಲುಗಟ್ಟಿ ಬರುವ ಯುದ್ಧನೌಕೆಗಳ ಕಾಳಗವನ್ನು ಕೆತ್ತಿದೆ. ಕಡಲ ಯುದ್ಧವನ್ನು ಹೀಗೆ ತೋರಿಸುವ ವೀರಗಲ್ಲುಗಳು ತೀರ ವಿರಳ. ಇನ್ನೊಂದು ‘ಗದ್ಧೇಗಳ್’. ಮೇಲೆ ಸೂರ್ಯಚಂದ್ರರು, ನಡುವೆ ದಾನದ ಬರಹ, ಕೆಳಗೆ ದಾನವನ್ನು ಅಪಹರಿಸಿದವನಿಗೆ ತಗಲುವ ಶಾಪವನ್ನು ಸೂಚಿಸುವ ಕತ್ತೆಯ ಚಿತ್ರ. ಆ ಚಿತ್ರವನ್ನು ಸಭ್ಯರ ಪತ್ರಿಕೆಯಲ್ಲಿ ಇದಕ್ಕಿಂತ ಹೆಚ್ಚು ವಿವರಿಸಲಾಗದು. ಇದರ ಕೊನೆಯ ‘ಗಳ್’ ಕೂಡ ನಮ್ಮ ‘ಕಲ್ಲು’. ಭಿವಂಡಿ ತಾಲೂಕಿನ ಲೋನಾಡದಲ್ಲಿಯೂ ಅದರ ಸುತ್ತಲೂ ಹನ್ನೆರಡು-ಹದಿಮೂರನೆಯ ಶತಮಾನದ ಶಿಲಾಹಾರ ಶಾಸನಗಳು ಹೊಲಗಳ ನಡುವೆಯೇ ದೊರೆತವು.

ಇಂದು ಕಲ್ಯಾಣದಿಂದ ಕರ್ಜತಿನ ವರೆಗೆ ಹೊಲಗಳು ಕರಗಿ ಬಹುಮಹಡಿಯ ಮನೆಗಳಾಗುತ್ತಿವೆ. ನಾವೂ ಅಂಥ ಮನೆಗಳನ್ನು ಕೊಂಡವರೇ ಆದುದರಿಂದ ಕಟ್ಟುವವರನ್ನು ಮಾತ್ರ ನಿಂದಿಸುವುದು ಸಲ್ಲದು. ಒಂದು ಸಂಗತಿಯನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳಬೇಕು. ಈ ಕಟ್ಟಡಗಳ ಅಡಿಪಾಯವನ್ನು ಅಗೆಯುವ ಕೂಲಿಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ಹೆಂಡಿರು ಮಕ್ಕಳೊಡನೆ ಬಂದವರು ಅನೇಕರಿದ್ದಾರೆ. ಸಲಿಕೆಗೆ ಕೆತ್ತನೆಯ ಕಲ್ಲೊಂದು ತಾಗಿದರೆ ಅದು ವೀರಗಲ್ಲೆಂದು ಗುರುತಿಸುವ ಬಲ್ಲಿದನು ಇಂಜಿನಿಯರನಲ್ಲ, ಈ ಕೂಲಿಯವನು. ಅವನ ಊರಿನ ಹನುಮಪ್ಪನ ಗುಡಿಯ ಮುಂದೆ ಅಂಥದೇ ಕಲ್ಲಿಗೆ ಅವನ ತಾಯಿ ಎಣ್ಣೆ ಹೊಯ್ದು ಕುಂಕುಮ ಹಚ್ಚಿದ್ದಾಳೆ. ಆದರೆ ಅವನಿಗೆ ಕೇಳುವವರಿಲ್ಲ. ಹೇಳಿದರೆ ಕೆಲಸ ನಿಂತೀತೆಂಬ ಅಂಜಿಕೆ ಬೇರೆ. 1878ರ ನಿಕ್ಷೇಪದ ಕಾಯಿದೆಯ ಪ್ರಕಾರ ಭೂಮಿಯಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸತಕ್ಕದ್ದು. ಈ ಕಾಯಿದೆಯನ್ನು ಆ ಕೂಲಿಯವನಿಗೆ ಅವನ ಮಾತಿನಲ್ಲಿ ತಿಳಿಸಿ, ಅವನ ಪರವಾಗಿ ತಹಸೀಲದಾರರ ಕಚೇರಿಗೆ ಮರಾಠಿಯಲ್ಲಿ ಒಂದು ಅರ್ಜಿ ಬರೆದುಕೊಡಬಲ್ಲವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಕನ್ನಡ ಸಂಘಗಳು ಈ ಕೂಲಿಗಳನ್ನು ತಮ್ಮ ಸಭೆಗೆ 1 ನವೆಂಬರದ ಮೆರವಣಿಗೆಯ ದಿನದ ಹೊರತು ಎಂದೂ ಕರೆದಂತಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಆ ದಿನವಾದರೂ ಕರೆಯುವುದು ಕುರ್ಚಿಗಳನ್ನು ಜೋಡಿಸಲಿಕ್ಕೆ.

ಎರಡನೆಯದು ಮಕ್ಕಳ ವಿಷಯ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷ ವರ್ಷಕ್ಕೂ ಕುಗ್ಗುತ್ತಿದೆಯೆಂದು ನಾವು ಈ ಅಂಕಣಗಳಲ್ಲಿ ಮೇಲಿಂದ ಮೇಲೆ ಮರುಗಿದ್ದೇವೆ. ಮರುಕದಿಂದ ಶಾಲೆ ತುಂಬುವುದಿಲ್ಲ. ಮಗುವು ‘ನಾನೇಕೆ ಕನ್ನಡವನ್ನು ಓದಬೇಕು, ಇಲ್ಲಿ ಅದರಿಂದೇನು?’ ಎಂದು ಕೇಳಿದಾಗ ತಂದೆತಾಯಿಗಳು ಅಭಿಮಾನ, ಸಂಸ್ಕೃತಿ ಎಂಬ ದೊಡ್ಡ ಶಬ್ದಗಳನ್ನು ಉಚ್ಚರಿಸಿ ಸುಮ್ಮನಾಗುತ್ತಾರೆ. ‘ಠಾಣೆಯ ಅರಸನ ಮಗಳ ಮದುವೆಯ ಸುದ್ದಿ ಕನ್ನಡದಲ್ಲಿ ಬರೆದಿದೆ, ಓದಲು ಕಲಿತರೆ ತಿಳಿಯುತ್ತದೆ’ ಎಂದು ಹೇಳಿ ನೋಡಲಿ. ಹಾಗೆಯೇ ಮರಾಠಿಯನ್ನು ಚೆನ್ನಾಗಿ ಕಲಿಯಲೂ ಹೇಳಲಿ. ಗದ್ಧೇಗಳಿನ ಬರಹವನ್ನು ಓದಲು ಅದು ಬೇಕು, ನೆರೆಮನೆಯವರ ಸುಖದುಃಖಕ್ಕಂತೂ ಬೇಕೇ ಬೇಕು.

ಸಂಘಗಳ ಕಾರ್ಯದರ್ಶಿಗಳಿಗೆ ನಮ್ಮ ಸೂಚನೆ ಇಷ್ಟು. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಸಿನೇಮಾದ ಮಂದಿಯನ್ನು ವಿಮಾನದಲ್ಲಿ ಕರೆತರುವ ಖರ್ಚಿನಲ್ಲಿ ಒಂದು ಭಾಗವನ್ನು ಉಳಿಸಿರಿ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನು ಕಂಡು, ನರೇಂದ್ರದ ಶಾಸನದಲ್ಲಿ ಠಾಣೆಯ ಪ್ರಸಂಗವಿರುವ ಪದ್ಯವನ್ನೂ ಅದರ ಅರ್ಥವನ್ನೂ ಕನ್ನಡ ಮರಾಠಿಗಳೆರಡರಲ್ಲಿ ಅಚ್ಚು ಹಾಕಿಸಿರಿ. ಬದಲಾಪುರದಲ್ಲಿ ಮರಾಠಿ ಗ್ರಂಥಾಲಯಗಳಿವೆ; ಅಲ್ಲಿಗೆ ನಾಲ್ಕು ಪ್ರತಿಗಳನ್ನು ಕಾಣಿಕೆಯಾಗಿ ಕೊಡಿರಿ. ಈ ಭಾಗದ ಇತಿಹಾಸವನ್ನು ಬಲ್ಲ ಮರಾಠಿ ಅಧ್ಯಾಪಕರೊಬ್ಬರನ್ನು ನಮ್ಮ ಸಭೆಗೆ ಕರೆಯಿಸಿ ಅವರ ಮಾತನ್ನು ಮರಾಠಿಯಲ್ಲಿಯೇ ಕೇಳಿರಿ. ವಾಲಧುನಿಯ ಹೊಲಸಿನ ಬಗ್ಗೆ ಅಂಬರನಾಥದ ನಾಗರಿಕರು ಮನವಿಯನ್ನು ಸಲ್ಲಿಸುವಾಗ ನಮ್ಮ ಸಂಘಗಳ ಮೊಹರೂ ಅದರ ಮೇಲಿರಲಿ.

ಅಂಬರನಾಥಕ್ಕೆ ಹೋಗುವವರು ಮಹಾಶಿವರಾತ್ರಿಯ ಜಾತ್ರೆಯ ದಿನವನ್ನು ಬಿಟ್ಟು ಹೋಗುವುದು ಒಳಿತು. ಅಂದು ದರ್ಶನಕ್ಕೆ ಗಂಟೆಗಟ್ಟಲೆ ಸಾಲು, ಶಿಲ್ಪವನ್ನು ನೋಡಲು ಎಡೆಯಿಲ್ಲ. ಸ್ಟೇಶನ್ನಿನ ಪೂರ್ವಕ್ಕೆ ಇಳಿದರೆ ನಡೆದೇ ಹೋಗಬಹುದಾದ ದೂರ. ಬೆಳಗಿನ ಹೊತ್ತು ಉತ್ತರದ ಬಾಗಿಲಲ್ಲಿ ನಿಂತು ತೊಲೆಯ ಕಡೆಗೆ ತಲೆಯೆತ್ತಿರಿ. ಅಕ್ಷರಗಳು ಸವೆದಿವೆ, ಸುಲಭವಾಗಿ ಕಾಣುವುದಿಲ್ಲ; ಮಕ್ಕಳ ಕಣ್ಣಿಗೆ ಬೇಗ ಬೀಳುತ್ತವೆ.